ಕಪ್ಪು ಶಾಯಿಯ ಕಾಗದ

ಕಡೂರು, ೧೪-೧೧-೨೦೨೪, ಗುರುವಾರ

ತಂಗಿ ಉಚ್ಚಂಗಿಗೆ ಕಾಗದ ಇವತ್ತೂ ಹೋಗಲಿಲ್ಲ. ಸೋಮವಾರ ಅವಳ ಕಣ್ಣಿನ ಆಪರೇಷನ್. ಕಿವಿ ಕೇಳದವಳಿಗೆ ಫೋನಿನಲ್ಲಿ ಧೈರ್ಯ ಹೇಳುವುದು ಹೇಗೆ? ಸಿಂಗಟಗೆರೆಯಲ್ಲಿ ಒಬ್ಬಳೇ ಕೂತು ಹೆದರುತ್ತಿರುತ್ತಾಳೆ.

ಅಳಿಯ ಧನಪಾಲ ತಂದುಕೊಟ್ಟ ಪೆನ್ನಿನಲ್ಲೇ ಬರೆಯೋಣವೆಂದು ಸಂಜೆ ಕೂತೆ. ಜರ್ಮನಿಯ ಯಾರೋ ಹೆಸರಾಂತ ಸಾಹಿತಿಯ ನೆನಪಿಗೆ ಮಾಡಿದ ದುಬಾರಿ ಪೆನ್ನಂತೆ. ಮುಚ್ಚಳದ ಸುತ್ತ ಬಳ್ಳಿಯ ಹಾಗೆ ಕೆತ್ತಿರುವುದು ಅವನದೇ ಕೈಬರಹವಂತೆ. ಒಂದಕ್ಷರವೂ ನನಗೆ ತಿಳಿಯದು. ಆದರೂ ಸಾಲು ಹೋಗುತ್ತಾ ಹೋಗುತ್ತಾ ಕೆಳಗಿಳಿಯುವುದನ್ನು ನೋಡಿ, ಪಾಪ, ಇವನಿಗೂ ಕೈ ಸೋತಿತ್ತೇನೋ ಅನ್ನಿಸಿತು.

ಅರ್ಧ ಪುಟ ಆಗಿತ್ತು. ಹೆಂಡತಿ ವನಜಾಕ್ಷಿ ಕಾಫಿ ಇಟ್ಟು ಬಗ್ಗಿ ನೋಡಿದಳು.

"ಕರೀ ಶಾಯಿ ಕಣ್ರೀ ಇದು. ಯಾರ್ ಸತ್ರೋ ಅಂತ ಎದೆ ಒಡ್ಕಂತಾಳೆ ನಿಮ್ ತಂಗಿ. ಓದೋಕ್ ಮುಂಚೆ ಬಾಗ್ಲಲ್ಲೇ ಹರ್ದಾಕ್ತಾಳೆ."

ನಿಜ. ನಮ್ಮ ಮನೆಗಳಲ್ಲಿ ಸಾವಿನ ಸುದ್ದಿ ಮಾತ್ರ ಕಪ್ಪಿನಲ್ಲಿ ಬರುತ್ತದೆ. ಅದನ್ನು ಒಳಗೆ ತರದೆ ಹೊಸ್ತಿಲಾಚೆಯೇ ಹರಿದುಬಿಡುತ್ತಾರೆ. ಪೆನ್ನಿನ ಚಂದ ನೋಡುತ್ತಾ ನನಗದು ಮರೆತೇ ಹೋಗಿತ್ತು.

"ಅಳಿಯಂದ್ರು ಬೇಜಾರ್ ಮಾಡ್ಕಂತಾರೆ," ಅಂದೆ.

"ಮಾಡ್ಕಳ್ಲಿ ಬಿಡಿ. ಕುಯ್ಯೋದು ಅವ್ರ್ ಕಣ್ಣಲ್ವಲ್ಲ."

ನೀಲಿ ಬಾಲ್‌ಪೆನ್ ತೆಗೆದುಕೊಂಡು 'ಉಚ್ಚಂಗಿ, ಹೆದರಬೇಡ ಕಣೇ' ಎಂದು ಬರೆದೆ. ಅಲ್ಲಿಂದ ಮುಂದಕ್ಕೆ ಕೈ ಓಡುತ್ತಿಲ್ಲ. ಹೆದರಿಕೊಂಡಿರುವವನು ನಾನೇ. ಇನ್ನು ಬರೆದು ಪ್ರಯೋಜನವಿಲ್ಲ. ಬೆಳಗಿನ ಬಸ್ಸಿಗೆ ಹೋಗಿ ಅವಳ ಪಕ್ಕ ಕೂತುಬಿಡಬೇಕು. ಈ ಮಂಡಿಯೊಂದು ಒಪ್ಪಿದರೆ ಸಾಕು.