ಅಮ್ಮನ ಮೊದಲ ನೋಟ

ದೇವರಾಯಸಮುದ್ರ, ಮಂಗಳವಾರ

ಅಕ್ಕಾ,

ಡೈವಿಂಗ್ ಸರ್ಟಿಫಿಕೇಟ್ ಸಿಕ್ಕ ಮೇಲೆ ಇದೇ ಮೊದಲ ಕೆಲಸ. ಪ್ರತಿಷ್ಠೆಗೆ ಮುಂಚೆ ಶಾಸ್ತ್ರದಂತೆ ಇಲ್ಲಿನ ಕೆರೆ ನೀರಲ್ಲಿ ಇಟ್ಟಿದ್ದ ಅಮ್ಮನವರ ವಿಗ್ರಹ ಆಳಕ್ಕೆ ಜಾರಿತ್ತು. ಮೇಲೆತ್ತಲು ಹಗ್ಗ ಕಟ್ಟಬೇಕೆಂದು ನಾನು ಮುಳುಗಿದೆ. “ಕಣ್ಣಿನ್ನೂ ಕೆತ್ತಿಲ್ಲ, ಹೆದರ್ಕೋಬೇಡಮ್ಮಾ” ಎಂದಿದ್ದರು ಶಿವಾರಪಟ್ಟಣದ ಶಿಲ್ಪಿ ಮುನಿಯಲ್ಲಪ್ಪ. ಕೆಸರಲ್ಲಿ ಏನೂ ಕಾಣದೆ ಮುಖ ತಡವಿದೆ. ಕಣ್ಣಿನ ಜಾಗ ನುಣ್ಣಗಿತ್ತು. ಹಗ್ಗ ಬಿಗಿದು ಮತ್ತೆ ತಡವಿದಾಗ ಬೆರಳಿಗೆ ರೆಪ್ಪೆ ಸಿಕ್ಕಿತು, ಗುಡ್ಡೆಯೂ. ಸಿಲಿಂಡರ್ ಹಾಕಿಕೊಂಡಾಗ ನೀರಡಿ ಉಸಿರು ಹಿಡಿಯಲೇಬಾರದು ಎಂದು ತರಬೇತಿಯಲ್ಲಿ ಕಲಿಸಿದ್ದರು, ಹಿಡಿದುಬಿಟ್ಟೆ. ಕಿವಿ ಸ್ವಲ್ಪ ನೋಯುತ್ತಿದೆ, ಬೇರೇನಿಲ್ಲ.

ದಡದಲ್ಲಿ ಹೇಳಿದಾಗ ಮುನಿಯಲ್ಲಪ್ಪ, ಕಣ್ಣು ಕೆತ್ತಿದ ಕೂಡಲೇ ಅಮ್ಮನ ಮುಂದೆ ಹಿಡಿಯಲು ತಂದಿದ್ದ ಕನ್ನಡಿಯನ್ನು ಕೆಳಗಿಟ್ಟರು. “ಮೊದಲ್ನೇ ನೋಟ ಬಲು ಉಗ್ರ, ಮನುಷ್ಯರ ಮೇಲಲ್ಲ, ಈ ಕನ್ನಡಿ ಮೇಲೆ ಬೀಳ್ಬೇಕಿತ್ತು. ನಿನ್ ಮೇಲೆ ಬಿತ್ತಲ್ಲಮ್ಮಾ!”

ಆಮೇಲೆ ನಾನು ಕನ್ನಡಿ ನೋಡಿಕೊಂಡಿಲ್ಲ. ಬಸ್ಸು ಬಂತು.

ವಿನುತಾ