ಬಚ್ಚಲ ಹಿಂದಿನ ನಿಂಬೆಹುಲ್ಲು

ಅಕ್ಕಾ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ನೀನು ಮನೆ ಬಿಟ್ಟ ದಿನ ಸಿಟ್ಟಿನಲ್ಲಿ ನಿನ್ನ ನಿಂಬೆಹುಲ್ಲನ್ನು ಬುಡಸಮೇತ ಕಿತ್ತು ಬಚ್ಚಲ ಹಿಂದೆ ಎಸೆದವಳು ನಾನೇ. ಒಣಗಿಹೋಯಿತೆಂದು ಅಪ್ಪನಿಗೆ ಸುಳ್ಳು ಹೇಳಿದ್ದೆ. ಅದು ನಮ್ಮ ಸ್ನಾನದ ನೀರನ್ನೇ ಕುಡಿದು ಸೊಂಟದೆತ್ತರ ಬೆಳೆದಿದೆ.

ಇವತ್ತು ಬೆಳಿಗ್ಗೆ ಮೂರು ಗರಿ ಕೊಯ್ದು, ನಿನ್ನ ಹಾಗೆಯೇ ಗಂಟು ಹಾಕಿ ಟೀಗೆ ಬಿಟ್ಟೆ. ಪರಿಮಳ ಮೆಲ್ಲಗೆ ಮನೆಯೆಲ್ಲ ತೇಲಿತು. ಮಂಪರಿನಲ್ಲಿದ್ದ ಅಪ್ಪ ಕಣ್ಣು ಬಿಡದೆಯೇ ಕೇಳಿದರು:

"ದೊಡ್ಡವಳು ಬಂದ್ಲೇನೇ?"

ಎರಡು ವರ್ಷದಿಂದ ನಿನ್ನ ಮಾತೇ ಎತ್ತದ ಅಪ್ಪ!

"ಹೂಂ" ಅಂದುಬಿಟ್ಟೆ.

"ಸಕ್ಕರೆ ಸುರೀಬೇಡ ಅನ್ನು ಅವಳಿಗೆ" ಎಂದು ನಿದ್ದೆಯಲ್ಲೇ ನಕ್ಕರು.

ಅವರಿಗೆ ಪೂರ್ತಿ ಎಚ್ಚರವಾಗುವಷ್ಟರಲ್ಲಿ ಮೂರು ಲೋಟಕ್ಕೆ ಸೋಸಿದ್ದೆ. ನಿನ್ನದು ಆರದಿರಲೆಂದು ತಟ್ಟೆ ಮುಚ್ಚಿಟ್ಟಿದ್ದೇನೆ.