ಮೂರನೇ ಸಲದ ಕೂಗು

ಬೆಳ್ಳಾರೆ,
21-11-1961, ಮಂಗಳವಾರ

ಪ್ರೀತಿಯ ಮಗ ಇನಾಸನಿಗೆ,

ಅಪ್ಪನ ಆಶೀರ್ವಾದ, ಅಮ್ಮನ ಮುದ್ದು, ಎರಡೂ ಈ ಒಂದೇ ಕಾಗದದಲ್ಲಿ ಬರುತ್ತಿವೆ. ನಾವಿಬ್ಬರೂ ಕ್ಷೇಮ. ನಿನ್ನ ಕೆಮ್ಮು ಹೇಗುಂಟು? ಅಮ್ಮ ಕಟ್ಟಿಕೊಟ್ಟ ಕಷಾಯದ ಹುಡಿ ಮುಗಿಯಿತೋ, ಇಲ್ಲ ಪೆಟ್ಟಿಗೆಯ ಅಡಿಯಲ್ಲಿ ಹಾಗೆಯೇ ಬಿದ್ದಿದೆಯೋ? ಮುಗಿದಿಲ್ಲ ಎಂದು ನನಗೆ ಗೊತ್ತು. ಆದರೂ ಮುಗಿಯಿತೆಂದು ಅವಳಿಗೊಂದು ಸಾಲು ಬರೆ, ಸಮಾಧಾನವಾಗಲಿ. (ಪಾದ್ರಿಯಾಗಲು ಓದುವವನಿಗೆ ಸುಳ್ಳು ಬರೆ ಎನ್ನುತ್ತಿದ್ದೇನೆ, ದೇವರು ನನ್ನನ್ನು ಕ್ಷಮಿಸಲಿ. ಅದಕ್ಕಿಂತ ಕುಡಿದು ಮುಗಿಸಿಯೇ ಬರೆ.) ಲತೀನ್ ಕಲಿಯುವ ಗಡಿಬಿಡಿಯಲ್ಲಿ ಕನ್ನಡ ಮರೆತುಹೋಗುತ್ತಿದೆ ಎಂದಿದ್ದೆಯಲ್ಲ, ಅದಕ್ಕೇ ಮನೆಯ ಕೊಂಕಣಿ ಬಿಟ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಸ್ ಏಜೆಂಟನಾದರೇನು, ಎಂಟನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ತುಕ್ಕು ಹಿಡಿದಿಲ್ಲ.

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಸೆಮಿನರಿಯ ಖರ್ಚಿಗೆಂದು ಊರಿನವರೆಲ್ಲ ನನ್ನ ಹೆಸರಿನಲ್ಲಿ ಕೊಡುತ್ತಿದ್ದಾರೆ, ನಾಳೆ ಪಾದ್ರಿಯಾಗಲು ನನ್ನಿಂದ ಆಗದೆ ಹೋದರೆ ಬೆಳ್ಳಾರೆಯಲ್ಲಿ ಯಾವ ಮುಖ ಹೊತ್ತು ಬಸ್ಸಿನಿಂದ ಇಳಿಯಲಿ ಎಂದು ಕೇಳಿದ್ದೀ. ಓದಿದಾಗ ಮೊದಲು ಸಿಟ್ಟೇ ಬಂತು, ಮುಚ್ಚಿಡುವುದೇಕೆ? ಬಸ್‌ಸ್ಟ್ಯಾಂಡಿನಲ್ಲಿ ಜನ ‘ಪಾದ್ರಿಯ ಅಪ್ಪ’ ಎಂದು ಕರೆಯುವಾಗ ಮೂರು ವರ್ಷದಿಂದ ಮೀಸೆ ತಿರುವಿಕೊಂಡು ತಿರುಗಿದವನು ನಾನು. ಆಮೇಲೆ ಹೆದರಿಕೆ ಹಿಡಿಯಿತು. ಯಾಕೆಂದರೆ ಭಾನುವಾರ ನಮ್ಮ ಇಗರ್ಜಿಯಲ್ಲಿ ಸೆಮಿನರಿಗಾಗಿ ಏಲಂ ಇತ್ತು, ಹರಾಜು ಕೂಗುವವನು ಎಂದಿನಂತೆ ನಾನೇ. ‘ಪುತ್ತೂರು, ಪುತ್ತೂರು’ ಎಂದು ದಿನವಿಡೀ ಅರಚುವ ಗಂಟಲು ದೇವರ ಕೆಲಸಕ್ಕೂ ಆಗಲಿ ಎನ್ನುತ್ತಾರಲ್ಲ ನಮ್ಮ ಪಾದ್ರಿಗಳು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಮೇಜು ಹಾಕಿದೆವು. ನಮ್ಮ ಏಲಂನ ಕ್ರಮ ನಿನಗೆ ಗೊತ್ತೇ ಉಂಟು. ಮೂರನೇ ಸಲ ಕೂಗಿದರೆ ಅದೇ ಕೊನೆ, ಆಮೇಲೆ ಯಾರೂ ಏರಿಸುವಂತಿಲ್ಲ. ಕೊಂಡವನು ಮನೆಗೆ ಒಯ್ಯುವುದಿಲ್ಲ, ದುಡ್ಡು ಕೊಟ್ಟು ವಸ್ತುವನ್ನು ಪುನಃ ಮೇಜಿನ ಮೇಲೆಯೇ ಇಡುತ್ತಾನೆ, ಪುನಃ ನನ್ನ ಕೂಗು. ನೆರೆಮನೆಯ ಬೀಫಾತುಮ್ಮ ಗೇಟಿನ ತನಕ ಬಂದು, ‘ಓದುವ ಮಕ್ಕಳಿಗೆ’ ಎಂದು ಒಂದು ಬೂದುಗುಂಬಳ ಕೊಟ್ಟು ಹೋಗಿದ್ದರು. ಅದು ಎಷ್ಟು ಕೈ ದಾಟಿತೆಂದರೆ ಮೈಮೇಲಿನ ಬೂದಿಯೆಲ್ಲ ಜನರ ಅಂಗಿಗೆ ಅಂಟಿ ಕಾಯಿ ಬೋಳಾಯಿತು. ನಿನ್ನ ಅಮ್ಮ ತನ್ನ ಕೆಂಪು ಹುಂಜ ತಂದಿದ್ದಳು. ಅದೇ, ನೀನು ರಜೆಯಲ್ಲಿ ಬಂದಾಗ ಜಪ ಮಾಡಲು ಬಿಡದೆ ಕೂಗುತ್ತಿದ್ದ ಪೋಕರಿ. ಪ್ರತಿ ವರ್ಷ ‘ನಮ್ಮ ಇನಾಸನಿಗೆ’ ಎಂದು ಎದೆಯುಬ್ಬಿಸಿ ಕೂಗುತ್ತಿದ್ದವನು ಈ ಸಲ ‘ಸೆಮಿನರಿಯ ಮಕ್ಕಳಿಗೆ’ ಎಂದು ಕೂಗಿದೆ. ನಿನ್ನ ಹೆಸರನ್ನು ಬಿಟ್ಟೇಬಿಟ್ಟೆ.

ಅದು ಪಾದ್ರಿಗಳಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಅಜ್ಜಾವರದ ಮೇದಪ್ಪ ಗೌಡರಿಗೆ. ಸುಳ್ಯದ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಜತ್ತಪ್ಪನ ಅಪ್ಪ, ನಿನಗಾಗಿ ಸುವರ್ಣಗೆಡ್ಡೆ ಹೊತ್ತುಕೊಂಡು ಬೆಳಗ್ಗಿನ ಬಸ್ಸಿಗೇ ಬಂದಿದ್ದರು. ಇಗರ್ಜಿಯ ಏಲಂ ಅವರಿಗೆ ಹೊಸತು. ಹುಂಜಕ್ಕೆ ಐದು ರೂಪಾಯಿ ಎಂದರು. ನಾನು ‘ಒಂದನೇ ಸಲ’ ಎಂದೆ. ಅವರೇ ‘ಆರು’ ಎಂದರು! ‘ಎರಡನೇ ಸಲ’ ಎಂದರೆ ‘ಏಳು!’ ಅಂಗಳಕ್ಕೆ ಅಂಗಳವೇ ನಕ್ಕಿತು. ‘ಗೌಡ್ರೆ, ನಿಮ್ಮ ಮೇಲೆ ನೀವೇ ಏರಿಸುದಾ?’ ಎಂದು ನಾನೇ ಕೇಳಿದೆ. ‘ಬೇರೆ ಯಾರೂ ಬಾಯಿ ಬಿಡುದಿಲ್ಲ, ಮತ್ತೆ ನಾನೇ ಏರಿಸ್ಬೇಕಲ್ಲ ಮಾರಾಯ್ರೆ, ಹುಡುಗ ನಮ್ಮವ ಅಲ್ವಾ?’ ಎಂದು ಏಳು ರೂಪಾಯಿ ಎಣಿಸಿ, ಹುಂಜವನ್ನು ಪುನಃ ಮೇಜಿಗೇ ಬಿಟ್ಟರು.

ಎಲ್ಲ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, ‘ಹುಡುಗನ ಹೆಸರು ಯಾಕೆ ಕೂಗ್ಲಿಲ್ಲ? ಎಂತಾಯ್ತು?’ ಎಂದರು. ನೀನು ಬರೆದದ್ದನ್ನು ಹೇಳಿದೆ. ಮರುಳನನ್ನು ನೋಡುವಂತೆ ನನ್ನನ್ನು ನೋಡಿದರು. ‘ಆಗದಿದ್ರೆ ಮನೆಗೆ ಬರುದು. ಮನೆಗೆ ಬಂದ ಮಗನಿಗೆ ಊಟ ಹಾಕ್ಲಿಕ್ಕೂ ಏಲಂ ಮಾಡ್ಲಿಕ್ಕುಂಟಾ? ನಾನು ಕೊಟ್ಟದ್ದು ಓದುವ ಹುಡುಗನಿಗೆ. ಓದಿದ್ದು ನೀರಿಗೆ ಹೋಗ್ತದಾ?’ ಎಂದರು. ನಾನು ಕೈ ಮುಗಿದೆ ಮಗಾ. ಅಳುವೇ ಬಂತು. ಇಂಥ ಜನರ ನಡುವೆ ನಮ್ಮನ್ನು ಇಟ್ಟ ದೇವರಿಗೆ ಎಷ್ಟು ಸ್ತುತಿ ಹೇಳಿದರೂ ಕಡಿಮೆಯೇ.

ಹುಂಜವನ್ನು ಕೊನೆಗೆ ಕೊಂಡದ್ದು ನಿನಗೆ ಮಗ್ಗಿ ಕಲಿಸಿದ ಲೋಲಾಕ್ಷಿ ಟೀಚರು. ದುಡ್ಡು ಕೊಟ್ಟು, ಅದನ್ನು ನಿನ್ನ ಅಮ್ಮನ ಬುಟ್ಟಿಗೇ ಹಾಕಿ ಹೊರಟುಹೋದರು. ಈಗ ಮೊದಲಿನಂತೆ ನಮ್ಮ ಅಂಗಳದಲ್ಲಿ ದರ್ಬಾರು ಮಾಡುತ್ತಿದೆ. ನಿನ್ನೆ ಅದಕ್ಕೆ ಅಕ್ಕಿ ಚೆಲ್ಲುತ್ತಾ ಅಮ್ಮ ಹೇಳಿದಳು, ‘ಕೊಟ್ಟ ಹುಂಜವೇ ಮನೆಗೆ ಬಂತು. ಯಾವ ಮುಖ ಹೊತ್ತು ಬಂದೆ ಅಂತ ಅದನ್ನು ಯಾರಾದರೂ ಕೇಳಿದರಾ?’ ಇಷ್ಟು ಹೇಳಿ ಒಳಗೆ ಹೋದಳು. ನೀನು ಪಾದ್ರಿಯಾಗಬೇಕೆಂಬ ಆಸೆ ಅವಳಿಗೆ ನನಗಿಂತ ಹೆಚ್ಚು, ಅದು ನಿನಗೂ ಗೊತ್ತು.

ನಿನ್ನ ಗುರುಗಳಿಗೆ ನಮ್ಮ ನಮಸ್ಕಾರ ತಿಳಿಸು. ನಿನ್ನ ಜಪದಲ್ಲಿ ಮೇದಪ್ಪ ಗೌಡರು, ಬೀಫಾತುಮ್ಮ, ಟೀಚರು ಮೂವರ ಹೆಸರೂ ದಿನಾ ಬರಲಿ. ಹೊಟ್ಟೆ ತುಂಬ ಉಣ್ಣು. ದೇವರ ಕೈ ನಿನ್ನ ತಲೆಯ ಮೇಲಿರಲಿ, ನಮ್ಮದೂ ಅಲ್ಲೇ ಉಂಟು.

ನಿನ್ನ ಅಪ್ಪ,
ಪಾಸ್ಕಲ್ ಕ್ರಾಸ್ತಾ

ತಾ.ಕ.: ಬಸ್ಸು ಹಾರ್ನ್ ಹೊಡೆಯುತ್ತಿದೆ, ಕಾಗದವನ್ನು ಕಂಡಕ್ಟರ್ ತೀರ್ಥರಾಮನ ಕೈಯಲ್ಲೇ ಕಳಿಸುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಊರ ಸುದ್ದಿಯೇ ಆಯಿತು. ಒಂದನೇ ಸಲ ಊರು ಕೂಗಿತು. ಎರಡನೇ ಸಲ ನಾನೂ ನಿನ್ನ ಅಮ್ಮನೂ ಕೂಗಿದೆವು. ಮೂರನೇ ಸಲ ಕೂಗುವ ಹಕ್ಕು ನಮಗಿಲ್ಲ, ಅದು ನಿನ್ನದು. ಅವಸರ ಬೇಡ. ಬೆಳ್ಳಾರೆಯಲ್ಲಿ ಬಸ್ಸಿನ ಬಾಗಿಲು ತೆಗೆಯುವವನು ನಾನು. ಪಾದ್ರಿಯ ನಿಲುವಂಗಿಯಲ್ಲಿ ಬಂದರೂ ಸರಿ, ಬರೀ ಅಂಗಿಯಲ್ಲಿ ಬಂದರೂ ಸರಿ, ನಿನ್ನ ಪೆಟ್ಟಿಗೆ ಇಳಿಸುವವನು ನಾನೇ.